ನಿಂತುಹೋದ ಘರಾಟನ್ನು ಮತ್ತೆ ತಿರುಗಿಸುವುದು ಹೇಗೆ? ಹಿಮಾಲಯದ ನೀರು ಗಿರಣಿಯ ಕಥೆ ಮತ್ತು ದುರಸ್ತಿಯ ಸಮಗ್ರ ಮಾರ್ಗದರ್ಶಿ

ಹಿಮಾಲಯದ ಹಲವು ಕಣಿವೆಗಳಲ್ಲಿ ಹಳ್ಳದ ದಂಡೆ ಹಿಡಿದು ನಡೆದರೆ ಕಲ್ಲು ಗೋಡೆಯ ಪುಟ್ಟ ಕೋಣೆಗಳು ಕಣ್ಣಿಗೆ ಬೀಳುತ್ತವೆ. ಒಳಗೆ ಒಂದರ ಮೇಲೊಂದು ಎರಡು ಬೀಸುಕಲ್ಲು. ನೆಲದ ಕೆಳಗೆ ಅಡ್ಡಲಾಗಿ ಮಲಗಿಸಿದ ಚಕ್ರ. ಮೇಲಿನಿಂದ ಓರೆಯಾಗಿ ಇಳಿಯುವ ನೀರು ಚಕ್ರದ ರೆಕ್ಕೆಗೆ ಬಡಿಯುತ್ತದೆ, ಕಲ್ಲು ತಿರುಗುತ್ತದೆ, ಹಿಟ್ಟು ಉದುರುತ್ತದೆ. ಉತ್ತರಾಖಂಡದಲ್ಲಿ ಇದಕ್ಕೆ ಘರಾಟ್ ಅಂತಾರೆ, ನೇಪಾಳದಲ್ಲಿ ಘಟ್ಟ, ಲಡಾಖಿನಲ್ಲಿ ರಂತಕ್. ಹಿಮಾಲಯದ ನಮ್ಮ ರಾಜ್ಯಗಳಲ್ಲಿ ಇಂಥ ಗಿರಣಿಗೆ ಒಗ್ಗುವ ಜಾಗಗಳು 1.5 ಲಕ್ಷಕ್ಕೂ ಜಾಸ್ತಿ ಇವೆ ಎಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಅಂದಾಜು ಮಾಡಿದೆ. ಆದರೆ ಬಾಗಿಲು ಮುಚ್ಚಿರುವ ಘರಾಟುಗಳು ಬೇಕಾದಷ್ಟು ಸಿಗುತ್ತವೆ.

ಅಲ್ಲಿಗೆ ಸ್ವಯಂಸೇವಕರಾಗಿ ಹೋಗುವವರಿಗೂ, ಮಲೆನಾಡಿನ ತಮ್ಮ ತೋಡಿನಲ್ಲಿ ಇಂಥದ್ದೊಂದು ಕಟ್ಟಿ ನೋಡಬೇಕು ಅನ್ನುವವರಿಗೂ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು. ದುರಸ್ತಿಗೆ ಬಂದವರೆಲ್ಲ ನೇರವಾಗಿ ಚಕ್ರಕ್ಕೆ ಕೈ ಹಾಕುತ್ತಾರೆ. ಮುರಿದದ್ದು ಕಣ್ಣಿಗೆ ಕಾಣುವುದು ಅದೇ ಅಲ್ವಾ? ನನ್ನ ಪ್ರಕಾರ ಅದು ಕೊನೆಗೆ ಮುಟ್ಟಬೇಕಾದ ಭಾಗ. ಮೊದಲು ನೀರು ಮತ್ತು ಗಿರಾಕಿ, ಆಮೇಲೆ ಕಲ್ಲು, ಅದಾದ ಮೇಲೆ ಚಕ್ರ.

ಸ್ವಲ್ಪ ಇತಿಹಾಸ

ನೀರು ಗಿರಣಿಯಲ್ಲಿ ಎರಡು ಮುಖ್ಯ ಜಾತಿ. ಒಂದರಲ್ಲಿ ಚಕ್ರ ನಿಂತಿರುತ್ತದೆ, ಅದರ ತಿರುಗಾಟವನ್ನು ಹಲ್ಲಿನ ಗಾಲಿಗಳು ಕಲ್ಲಿಗೆ ತಿರುಗಿಸಿ ಕೊಡುತ್ತವೆ. ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ವಿವರಿಸಿದ್ದು ಇದನ್ನೇ. ಇನ್ನೊಂದರಲ್ಲಿ ಚಕ್ರ ಮಲಗಿರುತ್ತದೆ. ಹಲ್ಲು, ಗಾಲಿ ಏನೂ ಬೇಡ. ಚಕ್ರ ಒಂದು ಸುತ್ತು ಬಂದರೆ ಕಲ್ಲೂ ಒಂದು ಸುತ್ತು. ಸ್ಕ್ಯಾಂಡಿನೇವಿಯಾದ ಹಳ್ಳಿಗಳಲ್ಲೂ ಇದೇ ಬಗೆ ಇತ್ತು, ಹಿಮಾಲಯದ್ದೂ ಇದೇ. ಕಡಿದಾದ ಇಳಿಜಾರು, ಕಡಿಮೆ ನೀರು, ಊರಿನ ಬಡಗಿ ಮತ್ತು ಕಲ್ಲುಕುಟಿಗ ಇಷ್ಟಿದ್ದರೆ ಸಾಕು.

ದಖ್ಖನ್ನಿನಲ್ಲೂ ಒಂದು ಹೆಸರಾಂತ ನೀರು ಗಿರಣಿ ಇದೆ. ಔರಂಗಾಬಾದಿನ ಪನ್‌ಚಕ್ಕಿ 18ನೇ ಶತಮಾನದ್ದು. ದೂರದ ಬೆಟ್ಟದಿಂದ ಮಣ್ಣಿನ ಕೊಳವೆಯಲ್ಲಿ ನೀರು ತಂದು, ದರ್ಗಾಕ್ಕೆ ಬರುವ ಫಕೀರರಿಗೆ, ಯಾತ್ರಿಕರಿಗೆ ಅಲ್ಲಿ ಹಿಟ್ಟು ಬೀಸುತ್ತಿದ್ದರು. ಅದು ನೋಡಲು ಚೆಂದ. ಆದರೆ ದುರಸ್ತಿ ಕಲಿಯಲು ಘರಾಟೇ ಸರಿ. ಯಾಕೆಂದರೆ ಅದು ಇವತ್ತಿಗೂ ದುಡಿದು ತಿನ್ನುವ ಯಂತ್ರ.

ಘರಾಟಿನಲ್ಲಿ ಬೀಸುವ ಕೂಲಿಯನ್ನು ಹೆಚ್ಚಾಗಿ ಹಿಟ್ಟಿನಲ್ಲೇ ಕೊಡುತ್ತಿದ್ದರು. ಗಿರಣಿಯವನ ಪಾಲು ಗಿರಾಕಿಯ ಚೀಲದಿಂದಲೇ ಬರುತ್ತಿತ್ತು. ರಸ್ತೆ ಬಂದ ಮೇಲೆ ಡೀಸೆಲ್ ಗಿರಣಿ ಬಂತು, ಆಮೇಲೆ ಕರೆಂಟಿನದು, ಆಮೇಲೆ ಪ್ಯಾಕೆಟ್ ಹಿಟ್ಟು. ಜನ ಬೆಟ್ಟ ಬಿಟ್ಟು ಪೇಟೆಗೆ ಇಳಿದರು. ಊಟೆಗಳು ಬತ್ತಿದವು. 2013ರ ಜೂನ್‌ನಲ್ಲಿ ಕೇದಾರನಾಥದ ಕಡೆ ಬಂದ ಪ್ರವಾಹವಂತೂ ಹೊಳೆದಂಡೆಯಲ್ಲಿ ಇದ್ದದ್ದನ್ನೆಲ್ಲ ಬಳಿದುಕೊಂಡು ಹೋಯಿತು.

ಮರಳಿ ಎಬ್ಬಿಸುವ ಕೆಲಸವೂ ಹೊಸದಲ್ಲ. ಹಿಮಾಲಯದ ಪರಿಸರಕ್ಕಾಗಿ ದುಡಿಯುವ, ಡೆಹ್ರಾಡೂನ್ ಕಡೆಯ ಹೆಸ್ಕೋ ಸಂಸ್ಥೆಯ ಅನಿಲ್ ಜೋಶಿ ಘರಾಟುಗಳ ಪರವಾಗಿ ಬಹಳ ವರ್ಷ ದುಡಿದವರು. ಅವರಿಗೆ 2006ರಲ್ಲಿ ಪದ್ಮಶ್ರೀ, 2020ರಲ್ಲಿ ಪದ್ಮಭೂಷಣ ಬಂತು. ನೇಪಾಳದಲ್ಲಿ 2003ರಿಂದ ಸುಧಾರಿತ ಘಟ್ಟದ ದೊಡ್ಡ ಕಾರ್ಯಕ್ರಮವೇ ನಡೆಯಿತು. ಹಳೆಯ ಮರದ ಚಕ್ರದಲ್ಲಿ ಗಂಟೆಗೆ 10ರಿಂದ 20 ಕೆಜಿ ಬೀಸುತ್ತಿದ್ದ ಗಿರಣಿ, ಲೋಹದ ಚಕ್ರ ಕೂರಿಸಿದ ಮೇಲೆ 20ರಿಂದ 50 ಕೆಜಿ ಬೀಸಿತು.

ಹಂತ 1: ಯಾಕೆ ನಿಂತಿತು ಅಂತ ಕೇಳಿ

ಇದಕ್ಕೆ ಹಾರೆ, ಸುತ್ತಿಗೆ ಬೇಡ. ಊರಿನ ಹಿರಿಯರ ಜೊತೆ ಕೂತು ಚಹಾ ಕುಡಿಯುವಷ್ಟು ಪುರುಸೊತ್ತು ಬೇಕು. ಕೊನೆಯ ಸಲ ತಿರುಗಿದ್ದು ಯಾವಾಗ? ಆಗ ಯಾರು ನಡೆಸುತ್ತಿದ್ದರು? ಬೇಸಿಗೆಯಲ್ಲಿ ಎಷ್ಟು ತಿಂಗಳು ನೀರು ಇರುತ್ತಿತ್ತು? ದೊಡ್ಡ ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು? ನೆರೆಯ ಮಟ್ಟವನ್ನು ಗೋಡೆಯ ಮೇಲೆ ಕೈಯಿಟ್ಟು ತೋರಿಸಲು ಹೇಳಿ, ಅಲ್ಲೇ ಗುರುತು ಹಾಕಿ.

ಮೇಲೆ ಹೊಸ ಕುಡಿಯುವ ನೀರಿನ ಪೈಪು ಹಾಕಿದ್ದರಿಂದ ನಿಂತಿದ್ದರೆ ನೀವು ಎಂಥ ಚಕ್ರ ಕೂರಿಸಿದರೂ ಪ್ರಯೋಜನವಿಲ್ಲ. ಗಿರಾಕಿ ಇಲ್ಲದೆ ನಿಂತಿದ್ದರೆ ಸುತ್ತ ಯಾರು ಏನು ಬೆಳೆಯುತ್ತಾರೆ, ಎಲ್ಲಿ ಬೀಸಿಸುತ್ತಾರೆ ಅಂತ ಮನೆಮನೆ ಕೇಳಬೇಕು. ನಮ್ಮವರಿಗೆ ಇಲ್ಲೊಂದು ಖುಷಿಯ ಸಂಗತಿ ಇದೆ. ಅಲ್ಲಿ ಮಂಡುವಾ ಅಂತ ಬೀಸುವುದು ನಮ್ಮ ರಾಗಿಯನ್ನೇ. ಗೋಧಿ, ಜೋಳಕ್ಕಿಂತ ರಾಗಿ ಬೀಸಿಸಲು ಘರಾಟನ್ನು ಹುಡುಕಿಕೊಂಡು ಬರುವವರು ಇದ್ದಾರೆ.

ನಡೆಸುವ ಮನುಷ್ಯ ಸಿಗದಿದ್ದರೆ ಕೆಲಸ ಶುರು ಮಾಡಬೇಡಿ. ಉದ್ಘಾಟನೆಯ ಫೋಟೋಕ್ಕೆ ಮಾತ್ರ ತಿರುಗಿದ ಗಿರಣಿ ಒಂದೇ ಮಳೆಗಾಲದಲ್ಲಿ ಮತ್ತೆ ಕೊಳೆಯುತ್ತದೆ.

ಹಂತ 2: ನೀರು ಅಳೆಯಿರಿ

ಎರಡು ಲೆಕ್ಕ ಬೇಕು. ಎಷ್ಟು ನೀರು, ಎಷ್ಟು ಎತ್ತರದಿಂದ. ಮಲೆನಾಡಿನಲ್ಲಿ ಮನೆ ಹಿಂದಿನ ತೋಡಿಗೆ ಪಿಕೋ ಹೈಡ್ರೋ, ಅಂದರೆ ನೀರಿನಿಂದ ಕರೆಂಟು ಮಾಡುವ ಪುಟ್ಟ ಯಂತ್ರ, ಕೂರಿಸಿಕೊಂಡವರಿಗೆ ಇದು ಗೊತ್ತಿರುವ ಲೆಕ್ಕವೇ.

ಎತ್ತರಕ್ಕೆ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿದ ಮಟ್ಟ ಸಾಕು. ಗಾರೆ ಕೆಲಸದವರ ಹತ್ತಿರ ಇದ್ದೇ ಇರುತ್ತದೆ. ದೋಣಿಯ ಮೇಲ್ತುದಿಯ ನೀರಿನ ಮಟ್ಟದಿಂದ ಚಕ್ರದ ರೆಕ್ಕೆಯವರೆಗೆ ಅಳೆಯಿರಿ. ದೋಣಿ ಅಂದರೆ ನೀರು ಓರೆಯಾಗಿ ಇಳಿಯುವ ಮರದ ಕೊರಕಲು.

ನೀರಿನ ಪ್ರಮಾಣಕ್ಕೆ ಕಾಲುವೆಯಲ್ಲಿ ನೇರವಾಗಿರುವ 10 ಮೀಟರ್ ಉದ್ದ ಆರಿಸಿಕೊಳ್ಳಿ. ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟು ಸಮಯ ನೋಡಿ. ಉದಾಹರಣೆಗೆ ಕಾಲುವೆ 40 ಸೆಂ.ಮೀ ಅಗಲ, ನೀರು 25 ಸೆಂ.ಮೀ ಆಳ, ಹಣ್ಣು 12 ಸೆಕೆಂಡಿಗೆ ಮುಟ್ಟಿತು ಅಂದುಕೊಳ್ಳಿ. ವೇಗ ಸೆಕೆಂಡಿಗೆ 0.83 ಮೀಟರ್. ತಳದ ನೀರು ಮೇಲಿನಷ್ಟು ಜೋರಾಗಿ ಹರಿಯುವುದಿಲ್ಲ, ಹಾಗಾಗಿ ಕಲ್ಲುಮಣ್ಣಿನ ಕಾಲುವೆಗೆ 0.7ರಿಂದ ಗುಣಿಸಿ. 0.4 × 0.25 × 0.83 × 0.7 ಅಂದರೆ ಸೆಕೆಂಡಿಗೆ ಸುಮಾರು 58 ಲೀಟರ್.

ಎತ್ತರ 3.5 ಮೀಟರ್ ಇದ್ದರೆ ನೀರಿನಲ್ಲಿರುವ ಶಕ್ತಿ 9.81 × 58 × 3.5, ಅಂದರೆ ಸುಮಾರು 2,000 ವ್ಯಾಟ್. ಹಳೆಯ ಮರದ ಚಕ್ರ ಇದರಲ್ಲಿ ಕಾಲು ಭಾಗ ಹಿಡಿದರೆ ಹೆಚ್ಚು. ಒಳ್ಳೆಯ ಲೋಹದ ಚಕ್ರ ಅರ್ಧದ ಹತ್ತಿರ ಹಿಡಿಯುತ್ತದೆ. ಅಂದರೆ 500 ವ್ಯಾಟ್ ಅಥವಾ 1,000 ವ್ಯಾಟ್.

ಈ ಅಳತೆಯನ್ನು ಮಳೆ ಮುಗಿದ ತಕ್ಷಣ ಮಾಡಿ ಹಿಗ್ಗಬೇಡಿ. ನೀರು ತೀರಾ ಕಡಿಮೆ ಇರುವ ತಿಂಗಳಲ್ಲಿ ಇನ್ನೊಮ್ಮೆ ಅಳೆಯಿರಿ. ಹಳ್ಳದ ನೀರನ್ನೆಲ್ಲ ಕಾಲುವೆಗೆ ತಿರುಗಿಸಲೂಬಾರದು. ಮೀನಿಗೆ, ಕೆಳಗಿನ ಊರಿಗೆ ಬಿಟ್ಟು ಉಳಿದದ್ದು ನಿಮ್ಮದು.

ಹಂತ 3: ಕಾಗದ ಪತ್ರ

ಬೇಜಾರಿನ ಕೆಲಸ, ಆದರೂ ಮಾಡಿ. ಉತ್ತರಾಖಂಡದ ಕುಮಾವ್ ಭಾಗಕ್ಕೆ 1917ರಲ್ಲೇ ಬ್ರಿಟಿಷರು ಕುಮಾವ್ ನೀರಿನ ನಿಯಮ ತಂದು ಹಳ್ಳಕೊಳ್ಳದ ನೀರಿನ ಮೇಲೆ ಸರ್ಕಾರದ ಹಕ್ಕು ಹೇಳಿದ್ದರು. 1975ರ ಕುಮಾವ್ ಮತ್ತು ಗಢವಾಲ ನೀರು ಕಾಯ್ದೆಯೂ ಅದೇ ದಾರಿಯದು. ಅಜ್ಜನ ಕಾಲದ ಘರಾಟ್ ಅಂದ ಮಾತ್ರಕ್ಕೆ ನೀರು ತಾನಾಗಿ ನಿಮ್ಮದಾಗುವುದಿಲ್ಲ. ಪಂಚಾಯತಿಯ ಒಪ್ಪಿಗೆ ಬರಹದಲ್ಲಿರಲಿ. ಅದೇ ಕಾಲುವೆಯಿಂದ ಗದ್ದೆಗೆ ನೀರು ಹೋಗುತ್ತಿದ್ದರೆ ಯಾರಿಗೆ ಯಾವ ಹೊತ್ತು ಅನ್ನುವುದನ್ನೂ ಬರೆಸಿಕೊಳ್ಳಿ. ಮರ ಕಡಿಯುವುದಿದ್ದರೆ ಅರಣ್ಯ ಇಲಾಖೆಯನ್ನು ಮೊದಲು ಕೇಳಿ.

ಹಂತ 4: ಬಿಚ್ಚುವ ಮೊದಲು ದಾಖಲೆ

ಎಲ್ಲ ಭಾಗಗಳ ಫೋಟೋ ತೆಗೆಯಿರಿ. ಪ್ರತಿ ತುಂಡಿಗೂ ಬಣ್ಣದಲ್ಲಿ ನಂಬರ್ ಹಾಕಿ. ಮೇಲ್ಕಲ್ಲು ಕೆಳಕಲ್ಲಿನ ಮೇಲೆ ಹೇಗೆ ಕೂತಿತ್ತು, ದೋಣಿಯ ತುದಿ ರೆಕ್ಕೆಯಿಂದ ಎಷ್ಟು ದೂರ ಇತ್ತು, ಇವನ್ನೆಲ್ಲ ಅಳೆದು ಬರೆದಿಡಿ. ಹಳೆಯ ಗಿರಣಿಯವರು ಲೆಕ್ಕ ಓದಿದವರಲ್ಲದಿರಬಹುದು. ಆದರೆ ದೋಣಿಯ ಓರೆ, ರೆಕ್ಕೆಯ ತಿರುವು ಎಲ್ಲವೂ ಆ ಹಳ್ಳದ ಜೊತೆ ಪಳಗಿ ಬಂದದ್ದು.

ಇಂಗ್ಲೆಂಡಿನಲ್ಲಿ ವಿಲಿಯಂ ಮೋರಿಸ್ 1877ರಲ್ಲಿ ಕಟ್ಟಿದ ಹಳೆಯ ಕಟ್ಟಡಗಳ ಸಂರಕ್ಷಣಾ ಸಂಘ ಒಂದು ನಿಯಮ ಇಟ್ಟುಕೊಂಡಿತ್ತು: ಹಳೆಯದನ್ನು ಹೊಸದಾಗಿ ಕಾಣಿಸಲು ಹೋಗಬೇಡಿ, ಹಾಳಾದಷ್ಟನ್ನೇ ರಿಪೇರಿ ಮಾಡಿ. ಗೋಡೆ, ಮಾಡು, ಕಲ್ಲುಗಳಿಗೆ ಇದು ಒಪ್ಪುವ ಮಾತು. ಚಕ್ರ, ಬೇರಿಂಗ್ ವಿಷಯದಲ್ಲಿ ನಾನು ಅಷ್ಟು ಮಡಿ ಮಾಡುವುದಿಲ್ಲ. ಮರದ ಚಕ್ರವನ್ನು ಊರವರು ಯಾವಾಗಲೂ ಬದಲಾಯಿಸುತ್ತಲೇ ಬಂದಿದ್ದಾರೆ.

ಹಂತ 5: ಕಾಲುವೆ ಮತ್ತು ದೋಣಿ

ಹಳ್ಳದಿಂದ ನೀರು ತಿರುಗಿಸುವ ಕಟ್ಟವನ್ನು ಸಿಮೆಂಟಿನಲ್ಲಿ ಕಟ್ಟುವ ಆಸೆ ಬೇಡ. ಕಲ್ಲು, ಸೊಪ್ಪು, ಮಣ್ಣಿನ ಕಟ್ಟ ನೆರೆಯಲ್ಲಿ ಕೊಚ್ಚಿಹೋಗುತ್ತದೆ, ನಿಜ. ಅದು ಕೊಚ್ಚಿಹೋಗುವುದರಿಂದಲೇ ನೆರೆನೀರು ಗಿರಣಿಯ ಕಡೆ ತಿರುಗುವುದಿಲ್ಲ. ಮಳೆ ಮುಗಿದ ಮೇಲೆ ಊರವರೇ ಸೇರಿ ಮತ್ತೆ ಕಟ್ಟಿಕೊಳ್ಳಬಹುದು.

ಸಿಮೆಂಟು ಖರ್ಚು ಮಾಡುವುದಿದ್ದರೆ ಮೂರು ಕಡೆ ಮಾಡಿ. ಕಾಲುವೆಯ ಬಾಯಲ್ಲಿ ಹಲಗೆ ಇಳಿಸಿ ನೀರು ಮುಚ್ಚುವ ತೂಬು. ದೋಣಿಗಿಂತ ಸ್ವಲ್ಪ ಮೇಲೆ ಮರಳು ಕೂರುವ ಅಗಲವಾದ ತೊಟ್ಟಿ. ಅದೇ ತೊಟ್ಟಿಯ ಪಕ್ಕದಲ್ಲಿ ಹೆಚ್ಚಾದ ನೀರು ಹಳ್ಳಕ್ಕೆ ಹೋಗುವ ಕೋಡಿ. ತೊಟ್ಟಿಯ ಬಾಯಿಗೆ ಕಬ್ಬಿಣದ ಕಂಬಿಯ ಜಾಲರಿ ಇರಲಿ. ಮರಳು ರೆಕ್ಕೆಯನ್ನು ಸವೆಸುತ್ತದೆ, ಎಲೆ ಕಡ್ಡಿ ದೋಣಿಯ ಬಾಯಿ ಕಟ್ಟುತ್ತವೆ.

ದೋಣಿ ಮೇಲೆ ಅಗಲ, ಕೆಳಗೆ ಹೋದಂತೆ ಕಿರಿದು. ಓರೆ ಸುಮಾರು 40ರಿಂದ 45 ಡಿಗ್ರಿ. ನಮ್ಮ ಲೆಕ್ಕದ 3.5 ಮೀಟರ್ ಇಳಿದ ನೀರು ತುದಿಗೆ ಬರುವಾಗ ಸೆಕೆಂಡಿಗೆ ಸುಮಾರು 7 ಮೀಟರ್ ವೇಗದಲ್ಲಿರುತ್ತದೆ. ಆ ವೇಗದಲ್ಲಿ 58 ಲೀಟರ್ ಹೋಗಲು 9 ಸೆಂ.ಮೀ ಚೌಕದ ಬಾಯಿ ಸಾಕು. ಬಾಯಿ ಇದಕ್ಕಿಂತ ತುಂಬಾ ಅಗಲವಾದರೆ ನೀರು ಚದುರಿ ರೆಕ್ಕೆಯ ಆಚೀಚೆ ಹೋಗುತ್ತದೆ. ಕಿರಿದಾದರೆ ಮೇಲೆ ಉಕ್ಕಿ ಸೋರುತ್ತದೆ.

ಮರ ಸಿಗದಿದ್ದರೆ ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು ಹಾಕಬಹುದು. ಇಷ್ಟು ನೀರಿಗೆ ಒಳಗಿನ ಅಳತೆ 200 ಮಿ.ಮೀ ಆದರೂ ಇರಬೇಕು, ಕೆಳತುದಿಗೆ 10 ಸೆಂ.ಮೀ ಬಾಯಿ. ಪೈಪಿನ ಮೇಲ್ತುದಿ ತೊಟ್ಟಿಯಲ್ಲಿ ಪೂರ್ತಿ ಮುಳುಗಿರಲಿ. ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಚಕ್ರ ಒಂದೇ ಸಮ ತಿರುಗುವುದಿಲ್ಲ. ನೀರು ನಿಲ್ಲಿಸುವುದಾದರೆ ಮೇಲಿನ ತೂಬಿನಲ್ಲೇ ನಿಲ್ಲಿಸಿ, ಕೆಳಗಿನ ಬಾಯಿಯನ್ನು ಥಟ್ಟನೆ ಮುಚ್ಚಬೇಡಿ. ಹಾಗೆ ಮಾಡಿದರೆ ಪೈಪೇ ಬಿರಿಯಬಹುದು.

ಇನ್ನು ಚಕ್ರದ ಕೆಳಗಿನ ಹೊರಗಾಲುವೆ. ಯಾರೂ ನೋಡದ ಜಾಗ ಇದು. ಅಲ್ಲಿ ಹೂಳು ತುಂಬಿ ನೀರು ನಿಂತರೆ ಚಕ್ರ ಅರ್ಧ ಮುಳುಗಿ ಒದ್ದಾಡುತ್ತದೆ. ರೆಕ್ಕೆಗೆ ಬಡಿದ ನೀರು ಚಕ್ರಕ್ಕಿಂತ ಒಂದು ಗೇಣಾದರೂ ಕೆಳಗೆ ಹರಿದುಹೋಗಬೇಕು. ಶಕ್ತಿ ಸಾಲದು ಅಂತ ಹೊಸ ಚಕ್ರ ತರುವ ಮೊದಲು ಇಲ್ಲಿ ಸಲಿಕೆ ಹಿಡಿದು ನೋಡಿ.

ಹಂತ 6: ಕಲ್ಲು

ಘರಾಟಿನ ಜೀವ ಇಲ್ಲಿದೆ. ಹಿಟ್ಟು ಚೆನ್ನಾಗಿ ಬರುವುದೂ ಬಿಡುವುದೂ ಕಲ್ಲಿನ ಕೈಯಲ್ಲಿದೆ. ಇದಕ್ಕೆ ಅವಸರ ಮಾಡಬೇಡಿ.

ಮೊದಲು ಸುರಕ್ಷತೆ. 75 ಸೆಂ.ಮೀ ಅಗಲ, 12 ಸೆಂ.ಮೀ ದಪ್ಪದ ಮೇಲ್ಕಲ್ಲು ಸುಮಾರು 140 ಕೆಜಿ ತೂಗುತ್ತದೆ. ಹಾರೆಯಿಂದ ಮೀಟಿ, ಎತ್ತಿದಷ್ಟಕ್ಕೂ ಮರದ ಬೆಣೆ ಕೊಡುತ್ತಾ ಹೋಗಿ. ಕಲ್ಲಿನ ಕೆಳಗೆ ಬೆರಳು ಹಾಕಲೇಬಾರದು. ಮಗುಚುವಾಗ ಕೆಳಗೆ ಹಳೆಯ ಟೈರ್ ಇಟ್ಟುಕೊಳ್ಳಿ. ಕಲ್ಲು ಕಡಿಯುವಾಗ ಕನ್ನಡಕ, ಒಳ್ಳೆಯ ಮಾಸ್ಕ್ ಎರಡೂ ಬೇಕು. ಆ ಧೂಳು ಶ್ವಾಸಕೋಶ ಸೇರಿದರೆ ವಾಪಸ್ ಬರುವುದಿಲ್ಲ.

ಆಮೇಲೆ ಮುಖ ನೋಡಿ. ನೇರವಾದ ಮರದ ಪಟ್ಟಿಯೊಂದಕ್ಕೆ ಕೆಮ್ಮಣ್ಣು ಬಳಿದು ಕಲ್ಲಿನ ಮೇಲೆ ಎಳೆಯಿರಿ. ಉಬ್ಬಿರುವ ಕಡೆ ಕೆಂಪು ಹತ್ತುತ್ತದೆ. ಅಷ್ಟನ್ನೇ ಉಳಿಯಿಂದ ಕಡಿದು, ಮತ್ತೆ ಪಟ್ಟಿ ಎಳೆಯಿರಿ. ಕೆಂಪು ಎಲ್ಲ ಕಡೆ ಒಂದೇ ಸಮ ಹತ್ತುವ ತನಕ ಇದೇ ಕೆಲಸ. ಆದರೆ ಕಲ್ಲಿನ ಕಣ್ಣಿನ, ಅಂದರೆ ನಡುವಿನ ತೂತಿನ, ಸುತ್ತ ಸ್ವಲ್ಪ ತಗ್ಗು ಇರಬೇಕು. ಕಾಳು ಒಳಗೆ ನುಗ್ಗಲು ಜಾಗ ಬೇಕಲ್ಲ. ಅಲ್ಲಿ ಇಡೀ ಕಾಳು ಹಿಡಿಯುವಷ್ಟು ಸಂದು, ಅಂಚಿಗೆ ಬರುವಾಗ ಕಾಗದದಷ್ಟು.

ಈಗ ಕಕ್ಕು ಹೊಡೆಯುವ ಕೆಲಸ, ಅಂದರೆ ಕಲ್ಲಿನ ಮುಖ ತರಿಯಾಗುವಂತೆ ಉಳಿಯಿಂದ ಸಣ್ಣ ಸಣ್ಣ ಗುಳಿ ಮಾಡುವುದು. ನಮ್ಮೂರುಗಳಲ್ಲಿ ಬೀಸುಕಲ್ಲಿಗೆ, ಒರಳಿಗೆ ಕಕ್ಕು ಹೊಡೆಯುತ್ತಾ ಬೀದಿ ಬೀದಿ ಬರುತ್ತಿದ್ದವರ ಕೆಲಸವೇ ಇದು. ಕೆಲವು ಘರಾಟುಗಳ ಕಲ್ಲಿನಲ್ಲಿ ಬರೀ ಕಕ್ಕು ಇರುತ್ತದೆ. ಕೆಲವಕ್ಕೆ ಕಣ್ಣಿನಿಂದ ಅಂಚಿಗೆ ಓರೆ ಗೆರೆಗಳೂ ಇರುತ್ತವೆ. ಗೆರೆ ಇದ್ದರೆ ಒಂದು ಗುಟ್ಟು ನೆನಪಿರಲಿ. ಎರಡೂ ಕಲ್ಲನ್ನು ಮುಖ ಮೇಲೆ ಮಾಡಿ ಇಟ್ಟಾಗ ಗೆರೆಗಳು ಒಂದೇ ಕಡೆ ಓರೆಯಾಗಿರಬೇಕು. ಮೇಲ್ಕಲ್ಲನ್ನು ಮಗುಚಿ ಕೂರಿಸಿದಾಗ ಅವು ಕತ್ತರಿಯ ಅಲಗುಗಳ ಹಾಗೆ ಒಂದನ್ನೊಂದು ಹಾಯುತ್ತವೆ, ಹಿಟ್ಟನ್ನು ಹೊರಕ್ಕೆ ತಳ್ಳುತ್ತವೆ. ದಿಕ್ಕು ತಪ್ಪಿದರೆ ಹಿಟ್ಟು ಹೊರಗೆ ಬರುವ ಬದಲು ಒಳಗೇ ಸುತ್ತಿ ಬಿಸಿಯಾಗುತ್ತದೆ.

ಕೆಳಕಲ್ಲನ್ನು ರಸಮಟ್ಟ ಇಟ್ಟು ಸಮ ಮಾಡಿ ಬೆಣೆ ಬಿಗಿಯಿರಿ. ಅದು ಕದಲಬಾರದು.

ಹಂತ 7: ಚಕ್ರ, ದಿಂಡು, ಬೇರಿಂಗ್

ಹಳೆಯ ಘರಾಟಿನಲ್ಲಿ ಚಕ್ರವನ್ನು ಮೇಲ್ಕಲ್ಲಿಗೆ ಸೇರಿಸುವ ಮರದ ದಿಂಡಿನ ಬುಡದಲ್ಲಿ ಒಂದು ಕಬ್ಬಿಣದ ಮೊಳೆ, ಅದರ ಕೆಳಗೆ ಗಟ್ಟಿ ಕಲ್ಲು. ಇಡೀ ಭಾರ ಅದರ ಮೇಲೆ. ಆ ಕಲ್ಲನ್ನು ಹೊತ್ತ ಅಡ್ಡ ತೊಲೆಯನ್ನು ಕೋಣೆಯೊಳಗಿನಿಂದಲೇ ಒಂದು ಹಿಡಿಕೆಯಿಂದ ಸ್ವಲ್ಪ ಎತ್ತಬಹುದು, ಇಳಿಸಬಹುದು. ಹಿಟ್ಟು ನುಣ್ಣಗೋ ತರಿಯೋ ಅನ್ನುವುದನ್ನು ಗಿರಣಿಯವನು ತೀರ್ಮಾನಿಸುವುದು ಇದರಿಂದಲೇ. ಏನೇ ಬದಲಾಯಿಸಿದರೂ ಈ ವ್ಯವಸ್ಥೆಯನ್ನು ಉಳಿಸಿ.

ಹೊಸ ಚಕ್ರಕ್ಕೆ ಹತ್ತಿರದ ಪೇಟೆಯ ವೆಲ್ಡಿಂಗ್ ಶಾಪ್ ಸಾಕು. ಬಟ್ಟಲಿನಂತೆ ಬಾಗಿದ ಕಬ್ಬಿಣದ ರೆಕ್ಕೆಗಳನ್ನು ನಡುವಿನ ಗುಂಬಕ್ಕೆ ಬೆಸೆಯುತ್ತಾರೆ. ಅಳತೆ ಹೀಗೆ ಹಿಡಿಯಿರಿ: ರೆಕ್ಕೆ ನೀರಿನ ಅರ್ಧದಷ್ಟು ವೇಗದಲ್ಲಿ ಓಡಿದಾಗ ಹೆಚ್ಚು ಶಕ್ತಿ ಸಿಗುತ್ತದೆ. ನೀರು 7 ಮೀಟರ್, ಹಾಗಾಗಿ ರೆಕ್ಕೆ 3.5 ಮೀಟರ್. ನೀರು ಬಡಿಯುವ ಜಾಗ ನಡುವಿನಿಂದ 35 ಸೆಂ.ಮೀ ದೂರ ಇದ್ದರೆ ನಿಮಿಷಕ್ಕೆ ಸುಮಾರು 95 ಸುತ್ತು. ಕಲ್ಲಿಗೂ ಇದು ಹಿತವಾದ ವೇಗ. ಚಕ್ರ ಸಣ್ಣದಾದಷ್ಟು ಸುತ್ತು ಜಾಸ್ತಿ, ಹಿಟ್ಟು ಬಿಸಿ.

ಬುಡಕ್ಕೆ ಬಾಲ್ ಬೇರಿಂಗ್ ಹಾಕುವುದಾದರೆ ನೀರು ಹೋಗದಂತೆ ಮುಚ್ಚಿದ ಕಪ್ಪಿನಲ್ಲಿ, ಗ್ರೀಸ್ ತುಂಬಿ ಹಾಕಿ. ದಿಂಡು ಕೆಳಕಲ್ಲಿನ ಕಣ್ಣನ್ನು ದಾಟುವ ಕಡೆ ಮಾತ್ರ ಗ್ರೀಸ್ ಬೇಡ. ಅಲ್ಲಿ ಮರದ ಬುಷ್, ತಿನ್ನುವ ಎಣ್ಣೆ. ಯಾಕೆ ಅಂತ ಹೇಳಬೇಕಿಲ್ಲ.

ದಿಂಡು ನೆಟ್ಟಗಿದೆಯಾ ನೋಡಲು ತೂಗುಗುಂಡು ಇಳಿಬಿಡಿ. ಅದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಇನ್ನೊಂದಿದೆ. ದಿಂಡಿನ ತಲೆಗೆ ಅಡ್ಡ ಕೋಲು ಕಟ್ಟಿ, ಅದರ ತುದಿಗೆ ಕೋಳಿ ಗರಿ ಸಿಕ್ಕಿಸಿ, ಗರಿ ಕೆಳಕಲ್ಲಿನ ಅಂಚನ್ನು ಸವರುವಂತೆ ಕೈಯಲ್ಲಿ ನಿಧಾನ ತಿರುಗಿಸಿ. ಒಂದು ಕಡೆ ಬಾಗಿ, ಇನ್ನೊಂದು ಕಡೆ ಮುಟ್ಟದೆ ಹೋದರೆ ದಿಂಡು ವಾಲಿದೆ. ಎಲ್ಲ ಕಡೆ ಒಂದೇ ಸಮ ಸವರುವ ತನಕ ಬುಡ ಸರಿಸಿ. ಆಮೇಲಷ್ಟೇ ಕಬ್ಬಿಣದ ಅಡ್ಡಪಟ್ಟಿ, ಅದರ ಮೇಲೆ ಮೇಲ್ಕಲ್ಲು.

ಹಂತ 8: ಕಾಳಿನ ಬುಟ್ಟಿ

ಇದು ಸುಲಭ. ಮಾಡಿನಿಂದ ಹಗ್ಗದಲ್ಲಿ ತೂಗುವ ಬುಟ್ಟಿ, ಅದರ ಕೆಳಗೆ ಸಣ್ಣ ಮರದ ಬಾಯಿ. ಬಾಯಿಗೆ ಕಟ್ಟಿದ ಕಡ್ಡಿಯೊಂದು ತಿರುಗುವ ಕಲ್ಲಿನ ಮೇಲೆ ಒರಗಿರುತ್ತದೆ. ಕಲ್ಲು ಜೋರಾದರೆ ಕಡ್ಡಿ ಜಾಸ್ತಿ ಅಲುಗಾಡಿ ಕಾಳು ಜಾಸ್ತಿ ಬೀಳುತ್ತದೆ, ನಿಧಾನವಾದರೆ ಕಡಿಮೆ. ಇಷ್ಟು ಸರಳವಾದ ನಿಯಂತ್ರಣವನ್ನು ತೆಗೆದು ಏನೇನೋ ಕೂರಿಸಲು ಹೋಗಬೇಡಿ, ಸುಮ್ನೆ ಹಾಗೇ ಬಿಡಿ.

ಹಂತ 9: ಮೊದಲ ಓಟ

ಕಲ್ಲಿಗೆ ಕಲ್ಲು ತಾಗಿಸಿ ಬರಿದೇ ಓಡಿಸಬಾರದು. ಕಕ್ಕು ಸವೆಯುತ್ತದೆ, ಕಿಡಿ ಹಾರುತ್ತದೆ. ಮೊದಲು ಹಿಡಿಕೆಯಿಂದ ಮೇಲ್ಕಲ್ಲನ್ನು ಎತ್ತಿ. ನೀರು ಸ್ವಲ್ಪ ಸ್ವಲ್ಪವೇ ಬಿಡಿ. ಕಲ್ಲು ತಿರುಗಲು ಶುರುವಾದ ಮೇಲೆ ಕಾಳು ಬಿಡಿ. ಕಾಳು ಕಲ್ಲಿನ ನಡುವೆ ಹೋಯಿತು ಅಂತ ಖಾತ್ರಿಯಾದ ಮೇಲೆ ನಿಧಾನವಾಗಿ ಇಳಿಸಿ.

ಹೊಸದಾಗಿ ಕಡಿದ ಕಲ್ಲಿನಿಂದ ಮೊದಲು ಬರುವ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ. ಅಗ್ಗದ ಕಾಳು ಕೆಲವು ಕೆಜಿ ಬೀಸಿ ಎಸೆಯಿರಿ. ದನಕ್ಕೂ ಹಾಕಬೇಡಿ. ಹಿಟ್ಟನ್ನು ಹಲ್ಲಿನ ನಡುವೆ ಇಟ್ಟು ಕರಕರ ಅನ್ನುವುದು ನಿಂತಿತಾ ನೋಡಿ.

ಅಂಚಿನಿಂದ ಬೀಳುವ ಹಿಟ್ಟನ್ನು ಆಗಾಗ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬಿಸಿ ಇದ್ದರೆ ಸಂದು ತೀರಾ ಕಿರಿದಾಗಿದೆ ಅಥವಾ ಕಕ್ಕು ಮೊಂಡಾಗಿದೆ. ರಾಗಿ ಸಣ್ಣ ಕಾಳು. ಅದಕ್ಕೆ ಸಂದು ಕಿರಿದಾಗಬೇಕು, ಬುಟ್ಟಿಯಿಂದ ಬೀಳುವುದು ನಿಧಾನವಾಗಬೇಕು. ಗೋಧಿ ಬೀಸಿದ ಅಳತೆಯಲ್ಲೇ ರಾಗಿ ಹಾಕಿದರೆ ಅರ್ಧ ರಾಗಿ ಹಾಗೇ ಹೊರಗೆ ಉರುಳುತ್ತದೆ.

ಹಂತ 10: ನಡೆಸಿಕೊಂಡು ಹೋಗುವುದು

ನಿಧಾನ ಬೀಸುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಹೊಟ್ಟು, ಮೊಳಕೆಯ ಭಾಗ ಎಲ್ಲ ಉಳಿಯುತ್ತದೆ. ಘರಾಟಿನ ಹಿಟ್ಟಿಗೆ ಪೇಟೆಯಲ್ಲಿ ಬೆಲೆ ಸಿಗುವುದು ಇದಕ್ಕೇ. ಆದರೆ ಮೊಳಕೆಯ ಎಣ್ಣೆ ಇರುವ ಹಿಟ್ಟು ಬೇಗ ಕಮಟು ಹಿಡಿಯುತ್ತದೆ ಅನ್ನುವುದನ್ನು ಗಿರಾಕಿಗೆ ಹೇಳಿ. ಸ್ವಲ್ಪ ಸ್ವಲ್ಪವೇ ಬೀಸಿ, ಬೇಗ ಮಾರಿ. ರೋಗ ವಾಸಿಯಾಗುತ್ತದೆ ಅಂತೆಲ್ಲ ಚೀಟಿ ಅಂಟಿಸಬೇಡಿ.

ರಾತ್ರಿ ಗಿರಣಿ ಖಾಲಿ ಇದ್ದಾಗ ದಿಂಡಿಗೆ ಬೆಲ್ಟ್ ಹಾಕಿ ಸಣ್ಣ ಆಲ್ಟರ್ನೇಟರ್ ತಿರುಗಿಸಬಹುದು. ನಮ್ಮ ಲೆಕ್ಕದ ಗಿರಣಿಯಲ್ಲಿ ಕೆಲವು ಮನೆಗಳ ದೀಪಕ್ಕೆ, ಫೋನ್ ಚಾರ್ಜಿಗೆ ಆಗುವಷ್ಟು ಕರೆಂಟು ಬರುತ್ತದೆ. ಊರಿಗೆ ಈಗಾಗಲೇ ಕಂಬದ ಕರೆಂಟು ಇದ್ದರೆ ಈ ಖರ್ಚು ನನಗೆ ಅಷ್ಟು ಸರಿ ಕಾಣುವುದಿಲ್ಲ. ಅದೇ ದುಡ್ಡಿನಲ್ಲಿ ಕಾಳು ಒಣಗಿಸುವ ಕಣ, ಇಲಿ ಹೊಗದ ಡಬ್ಬ ಮಾಡಿಸಿದರೆ ಗಿರಣಿಯವನಿಗೆ ಹೆಚ್ಚು ಉಪಕಾರ.

ವಾರಕ್ಕೊಮ್ಮೆ ಜಾಲರಿ, ಮರಳಿನ ತೊಟ್ಟಿ ತೆಗೆಯಿರಿ. ಹಿಟ್ಟು ತರಿಯಾಗತೊಡಗಿದರೆ ಮತ್ತೆ ಕಕ್ಕು ಹೊಡೆಯುವ ಹೊತ್ತು. ಆ ಕೆಲಸವನ್ನು ನಡೆಸುವವರೇ ಕಲಿಯಲಿ, ಹೊರಗಿನಿಂದ ಕರೆಸುವ ಹಾಗಾದರೆ ಒಂದಲ್ಲ ಒಂದು ದಿನ ತಪ್ಪುತ್ತದೆ. ಕೋಣೆಯಲ್ಲಿ ಎರಡು ಉಳಿ, ಒಂದು ಬೇರಿಂಗ್, ಒಂದು ಮರದ ಬುಷ್, ನಾಲ್ಕು ಹೆಚ್ಚುವರಿ ರೆಕ್ಕೆ ಇರಲಿ. ಮಳೆಗಾಲದ ಮುಂಚೆ ಮೇಲಿನ ತೂಬಿಗೆ ಹಲಗೆ ಇಳಿಸಿ ಮಣ್ಣು ಕಟ್ಟಿ. ನೀವು ಗೋಡೆಯ ಮೇಲೆ ಹಾಕಿದ ನೆರೆಯ ಗುರುತು ಚಕ್ರಕ್ಕಿಂತ ಮೇಲಿದ್ದರೆ ಚಕ್ರ, ಬೇರಿಂಗ್ ಎರಡನ್ನೂ ಬಿಚ್ಚಿ ಎತ್ತರದಲ್ಲಿಡಿ. ಮಳೆ ನಿಂತ ಮೇಲೆ ಗರಿಯ ಪರೀಕ್ಷೆಯಿಂದ ಮತ್ತೆ ಶುರು ಮಾಡಿ. ನೆರೆಗೆ ಬುಡದ ತೊಲೆ ಸ್ವಲ್ಪವಾದರೂ ಕದಲಿರುತ್ತದೆ.